ಕೂಡಿದ್ದು ಮತ್ತೆ ಬಿಡಿಯಾಗುವುದೆ?

ನಮ್ಮ ನಂಜನಗೂಡಿನ ಸ್ನಾನಘಟ್ಟವನ್ನು ಮುಟ್ಟಿ ಮುಂದೆ ಹರಿಯುವ ಕಪಿಲೆ ತಿರುಮಕೂಡಲು ನರಸೀಪುರದಲ್ಲಿ ಕಾವೇರಿಯನ್ನು ಸೇರುತ್ತಾಳೆ. ಕಣ್ಣಿಗೆ ಕಾಣದ ಸ್ಫಟಿಕ ಸರೋವರವೂ ಅಲ್ಲಿ ಬಂದು ಕೂಡುತ್ತದೆ ಎಂಬ ನಂಬಿಕೆಯಿಂದ ಅದು ತ್ರಿವೇಣಿ ಸಂಗಮವೆನಿಸಿದೆ. ಊರಿನ ಹೆಸರಿನಲ್ಲಿಯೇ 'ಕೂಡಲು' ಇದೆ. ಸಂಗಮದಿಂದ ಕೆಳಗೆ ಒಂದು ಬಿಂದಿಗೆ ನೀರು ಮೊಗೆದು, ಇದರಲ್ಲಿ ಕಪಿಲೆಯ ಪಾಲೆಷ್ಟು, ಕಾವೇರಿಯ ಪಾಲೆಷ್ಟು ಎಂದು ಕೇಳಿದರೆ ಯಾರೂ ಹೇಳಲಾರರು. ಕೂಡುವುದರಲ್ಲಿ ಇದೊಂದು ಬಗೆ. ಕೂಡಿದ ಮೇಲೂ ಯಾವುದು ಯಾವುದರಿಂದ ಬಂತೆಂದು ತಪ್ಪಿಲ್ಲದೆ ಬಿಡಿಸಿ ಹೇಳಬಹುದಾದದ್ದು ಇನ್ನೊಂದು ಬಗೆ. ಗಣಿತದಲ್ಲಿ ಈ ಎರಡನೆಯದಕ್ಕೆ ಡೈರೆಕ್ಟ್ ಸಮ್ ಎನ್ನುತ್ತಾರೆ. ಕನ್ನಡದಲ್ಲಿ 'ನೇರ ಮೊತ್ತ' ಎನ್ನೋಣ. ಅದರ ಜೊತೆಯಲ್ಲಿಯೇ ಬರುವ ಇನ್ನೊಂದು ಮಾತು ಡೈರೆಕ್ಟ್ ಪ್ರಾಡಕ್ಟ್, ಅಂದರೆ 'ನೇರ ಗುಣಲಬ್ಧ'. ಈ ಎರಡರ ಬಗ್ಗೆ ಇಂದು ನಾಲ್ಕು ಮಾತು ಬರೆಯಬೇಕೆನಿಸಿದೆ.

ಪ್ರೌಢಶಾಲೆಯ ಮೇಷ್ಟರಿಗೆ ಈ ವಿಷಯ ಹೇಗೆ ಗಂಟುಬಿತ್ತು ಎಂದು ಓದುಗರು ಕೇಳಬಹುದು. ನಾನು ಓದಿದ್ದು ಬಿ.ಎಸ್ಸಿ., ಬಿ.ಎಡ್.; ಟೋಪಾಲಜಿ ಎಂಬ ಶಾಸ್ತ್ರವನ್ನು ತರಗತಿಯಲ್ಲಿ ಕುಳಿತು ಕಲಿತವನಲ್ಲ. ಕೆಲವು ವರ್ಷಗಳ ಹಿಂದೆ, ನಾನು ನಿವೃತ್ತನಾದ ಮೇಲೆ, ನರಸೀಪುರದ ಕಡೆಯ ಹಳ್ಳಿಯಿಂದ ಬಂದ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಗಣಿತದ ಎಂ.ಎಸ್ಸಿ.ಗೆ ಸೇರಿ, ಮೊದಲ ವರ್ಷದಲ್ಲಿಯೇ ಸೋತು ಮನೆಗೆ ಬಂದಳು. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ ಹುಡುಗಿ, ಲೆಕ್ಕದಲ್ಲಿ ಚುರುಕು. ಆದರೆ ಪುಸ್ತಕ ಇಂಗ್ಲಿಷು, ವಿಷಯ ಅಮೂರ್ತ. ಒಂದು ಪೇಪರು ಉಳಿದರೂ ಓದು ಸಾಕು ಎಂದು ಮನೆಯಲ್ಲಿ ಹೇಳಿಬಿಟ್ಟಿದ್ದರು. ವರನ ಕಡೆಯವರು ಜಾತಕ ಕೇಳಿಕೊಂಡು ಹೋಗಿದ್ದೂ ಆಗಿತ್ತು.

"ಸಾರ್, ಎರಡೇ ಇದ್ದಾಗ ಸಮ್ಮೂ ಪ್ರಾಡಕ್ಟೂ ಒಂದೇ ಅಂತ ಬರೆದಿದಾರೆ. ಮುಂದಿನ ಪುಟದಲ್ಲಿ ಎರಡೂ ಬೇರೆ ಅಂತಾರೆ. ಒಂದೇ ಆಗಿದ್ದು ಬೇರೆ ಹೇಗಾಗುತ್ತೆ?" ಎಂದು ಕೇಳಿದಳು.

"ನನಗೂ ಗೊತ್ತಿಲ್ಲಮ್ಮ. ಪುಸ್ತಕ ತೆಗಿ, ಓದೋಣ" ಎಂದೆ. ಆ ಭಾನುವಾರದಿಂದ ಪರೀಕ್ಷೆಯವರೆಗೆ ಪ್ರತಿ ಭಾನುವಾರವೂ ನಮ್ಮ ಓದು ನಡೆಯಿತು.

ನಾವು ಮೊದಲು ಹಿಡಿದದ್ದು ಹತ್ತನೆಯ ತರಗತಿಯ ಪಾಠವನ್ನೇ. ಎರಡು ಚರಾಕ್ಷರಗಳಿರುವ ರೇಖಾತ್ಮಕ ಸಮೀಕರಣಗಳ ಜೋಡಿಯನ್ನು ನಾನು ಸೇವೆಯಲ್ಲಿದ್ದಷ್ಟು ಕಾಲವೂ ಕಲಿಸಿದ್ದೇನೆ. ಎರಡು ಸಂಖ್ಯೆಗಳ ಮೊತ್ತ 10, ವ್ಯತ್ಯಾಸ 4; ಸಂಖ್ಯೆಗಳು ಯಾವುವು? ಎರಡೂ ಸಮೀಕರಣಗಳನ್ನು ಕೂಡಿದರೆ ದೊಡ್ಡ ಸಂಖ್ಯೆಯ ಎರಡರಷ್ಟು 14. ಆದ್ದರಿಂದ ಅದು 7, ಇನ್ನೊಂದು 3. ಬೇರೆ ಉತ್ತರವಿಲ್ಲ. ಇದನ್ನೇ ರೇಖಾಗಣಿತದ ಮಾತಿನಲ್ಲಿ ಹೇಳುವುದಾದರೆ, ಸಮತಲದಲ್ಲಿ ಮೂಲಬಿಂದುವಿನ ಮೂಲಕ ಓರೆಯಾಗಿ ಹಾದುಹೋಗುವ ಎರಡು ಕರ್ಣರೇಖೆಗಳಿವೆ. ಸಮತಲದ ಯಾವ ಬಿಂದುವನ್ನು ತೆಗೆದುಕೊಂಡರೂ, ಅದನ್ನು ಮೊದಲ ರೇಖೆಯ ಒಂದು ಬಿಂದು ಮತ್ತು ಎರಡನೆಯ ರೇಖೆಯ ಒಂದು ಬಿಂದು ಇವುಗಳ ಮೊತ್ತವಾಗಿ ಒಂದೇ ಒಂದು ರೀತಿಯಲ್ಲಿ ಬರೆಯಬಹುದು. ಸಮತಲವು ಆ ಎರಡು ರೇಖೆಗಳ ನೇರ ಮೊತ್ತ.

ನೇರ ಮೊತ್ತವಾಗಲು ಎರಡು ಷರತ್ತುಗಳು ಸಾಕು. ಭಾಗಗಳೆಲ್ಲ ಕೂಡಿ ಇಡೀ ಜಾಗವನ್ನು ತುಂಬಬೇಕು. ಎರಡು ಭಾಗಗಳಿಗೂ ಸೇರಿದ್ದೆಂದರೆ ಸೊನ್ನೆಯೊಂದೇ ಆಗಿರಬೇಕು. ಎರಡನೆಯ ಷರತ್ತು ಏಕೆಂದರೆ, ಒಂದೇ ವಸ್ತುವನ್ನು ಎರಡು ರೀತಿಯಲ್ಲಿ ಬಿಡಿಸಲು ಸಾಧ್ಯವಾದರೆ, ಆ ಎರಡು ಬಿಡಿಸುವಿಕೆಗಳ ನಡುವಿನ ವ್ಯತ್ಯಾಸ ಎರಡೂ ಭಾಗಗಳಲ್ಲಿ ಇರಬೇಕಾಗುತ್ತದೆ. ಎರಡಕ್ಕೂ ಸಾಮಾನ್ಯವಾದದ್ದು ಸೊನ್ನೆ ಮಾತ್ರವಾದರೆ ವ್ಯತ್ಯಾಸವೂ ಸೊನ್ನೆ. ಅಂದರೆ ಬಿಡಿಸುವ ರೀತಿ ಒಂದೇ.

ಇಷ್ಟು ಅವಳಿಗೆ ಸುಲಭವಾಗಿಯೇ ಹತ್ತಿತು. ತೊಡಕು ಬಂದದ್ದು ಗ್ರೂಪುಗಳಲ್ಲಿ. ಸದಿಶಗಳ ಲೋಕದಲ್ಲಿ, ಅಂದರೆ ವೆಕ್ಟರ್ ಸ್ಪೇಸಿನಲ್ಲಿ, ಕೂಡುವುದು ಕಳೆಯುವುದರ ಜೊತೆಗೆ ಯಾವ ವಾಸ್ತವ ಸಂಖ್ಯೆಯಿಂದಲಾದರೂ ಗುಣಿಸಬಹುದು. ಗ್ರೂಪಿನಲ್ಲಿ ಕೂಡಬಹುದು, ಕಳೆಯಬಹುದು, ಸೊನ್ನೆಯಿದೆ; ಅಷ್ಟೇ. ಅದರ ಮೇಲೆ 'ಹತ್ತಿರ' ಎಂಬ ಮಾತಿಗೂ ಅರ್ಥವಿದ್ದು, ಕೂಡುವ ವಸ್ತುಗಳನ್ನು ತುಸು ಬದಲಿಸಿದರೆ ಮೊತ್ತವೂ ತುಸುವೇ ಬದಲಾಗುವಂತಿದ್ದರೆ ಅದು ಟೋಪಲಾಜಿಕಲ್ ಗ್ರೂಪ್. ಇದಕ್ಕೆ ಕೈಗೆ ಸಿಗುವಂಥ ಒಂದು ಉದಾಹರಣೆ ಬೇಕಿತ್ತು. ಹುಡುಕುವಾಗ ಕಣ್ಣಿಗೆ ಬಿದ್ದದ್ದು ದೇವರ ಮನೆಯ ಗೂಡಿನಲ್ಲಿದ್ದ ಒಂಟಿಕೊಪ್ಪಲ್ ಪಂಚಾಂಗ!

ಪಂಚಾಂಗದ ಐದು ಅಂಗಗಳು ತಿಥಿ, ವಾರ, ನಕ್ಷತ್ರ, ಯೋಗ, ಕರಣ. ಆಕಾಶದಲ್ಲಿ ಸೂರ್ಯನ ಸ್ಥಾನ 360 ಡಿಗ್ರಿಯ ವೃತ್ತದ ಮೇಲಿನ ಒಂದು ಬಿಂದು. ಚಂದ್ರನ ಸ್ಥಾನ ಅದೇ ಬಗೆಯ ಇನ್ನೊಂದು ಬಿಂದು. ವೃತ್ತದ ಮೇಲೆ ಕೂಡುವಾಗ 360 ಆದರೆ ಮತ್ತೆ ಸೊನ್ನೆ. ಹೀಗೆ ವೃತ್ತವೇ ಒಂದು ಟೋಪಲಾಜಿಕಲ್ ಗ್ರೂಪ್. ಸೂರ್ಯನದೊಂದು ಅಂಕಣ, ಚಂದ್ರನದೊಂದು ಅಂಕಣ ಎಂದು ಎರಡು ವೃತ್ತಗಳನ್ನು ಜೊತೆಯಾಗಿ ಇಟ್ಟುಕೊಂಡರೆ ಅದು ಎರಡು ವೃತ್ತಗಳ ನೇರ ಗುಣಲಬ್ಧ. ಚಂದ್ರನಿಂದ ಸೂರ್ಯನನ್ನು ಕಳೆದು 12 ಡಿಗ್ರಿಗೊಂದರಂತೆ ಭಾಗಮಾಡಿದರೆ 30 ತಿಥಿಗಳು. ಚಂದ್ರನ ಸ್ಥಾನವೊಂದನ್ನೇ 13 ಡಿಗ್ರಿ 20 ಕಲೆಗೊಂದರಂತೆ ಭಾಗಮಾಡಿದರೆ 27 ನಕ್ಷತ್ರಗಳು. ಸೂರ್ಯ ಚಂದ್ರರ ಸ್ಥಾನಗಳನ್ನು ಕೂಡಿ ಅದೇ ಅಳತೆಯಲ್ಲಿ ಭಾಗಮಾಡಿದರೆ 27 ಯೋಗಗಳು. ಕರಣವೆಂದರೆ ಅರ್ಧ ತಿಥಿ. ವಾರ ಮಾತ್ರ ಗ್ರಹಸ್ಥಾನದಿಂದ ಬಂದದ್ದಲ್ಲ; ಅದು ಏಳರ ಎಣಿಕೆ.

ಐದು ಅಂಗಗಳಿದ್ದರೂ ಐದೂ ಒಂದನ್ನೊಂದು ಅವಲಂಬಿಸದೆ ನಿಂತವಲ್ಲ ಎಂಬುದು ಇದರಿಂದ ತಿಳಿಯುತ್ತದೆ. ಕರಣ ತಿಥಿಯ ಬೆನ್ನಿಗೇ ಅಂಟಿಕೊಂಡಿದೆ. ಮಾಸವನ್ನೂ ಸೇರಿಸಿಕೊಂಡರೆ ನಕ್ಷತ್ರಕ್ಕೂ ಹೆಚ್ಚು ಸ್ವಾತಂತ್ರ್ಯವಿಲ್ಲ. ನರಸೀಪುರ ತಾಲ್ಲೂಕಿನ ತಲಕಾಡಿನ ಪಂಚಲಿಂಗ ದರ್ಶನವನ್ನೇ ನೋಡಿ. ಕಾರ್ತಿಕ ಮಾಸದ ಅಮಾವಾಸ್ಯೆ ಸೋಮವಾರ ಕೂಡಿಬರುವುದನ್ನು ಅದಕ್ಕೆ ನೋಡುತ್ತಾರೆ. ಅಮಾವಾಸ್ಯೆ ಮುಗಿಯುವ ಗಳಿಗೆಯಲ್ಲಿ ಚಂದ್ರ ಸೂರ್ಯನಿರುವ ಕಡೆಯೇ ಇರಬೇಕು. ಕಾರ್ತಿಕದ ಕೊನೆಗೆ ಸೂರ್ಯ ವೃಶ್ಚಿಕ ರಾಶಿಯಲ್ಲಿರುತ್ತಾನೆ. ಹಾಗಾಗಿ ಆ ಗಳಿಗೆಯಲ್ಲಿ 27 ನಕ್ಷತ್ರಗಳಲ್ಲಿ ವಿಶಾಖೆಯ ಕೊನೆಯ ಪಾದ, ಅನೂರಾಧ, ಜ್ಯೇಷ್ಠ ಇಷ್ಟಕ್ಕೇ ಅವಕಾಶ. ದರ್ಶನ ನಡೆದ 2009ರ ನವೆಂಬರ್ 16 ವೃಶ್ಚಿಕ ಸಂಕ್ರಮಣದ ಆಸುಪಾಸು. 2020ರ ಡಿಸೆಂಬರ್ 14 ಧನುಸ್ಸಂಕ್ರಮಣಕ್ಕೆ ತುಸು ಮುಂಚೆ. ಅಂದರೆ ಒಂದು ವೃಶ್ಚಿಕದ ಈ ತುದಿಯಲ್ಲಿ, ಇನ್ನೊಂದು ಆ ತುದಿಯಲ್ಲಿ. ನಡುವೆ ಒಂದು 2013ರಲ್ಲಿ ನಡೆಯಿತು. ತಿಥಿ, ಮಾಸ, ನಕ್ಷತ್ರಗಳು ಹೀಗೆ ಒಂದಕ್ಕೊಂದು ಹೆಣೆದುಕೊಂಡಿದ್ದರೆ, ಸೋಮವಾರ ಮಾತ್ರ ಹೊರಗಿನಿಂದ ಬಂದು ಕೂಡಬೇಕು. ಆದ್ದರಿಂದಲೇ ಆ ದರ್ಶನಕ್ಕೆ ಅಷ್ಟು ವರ್ಷ ಕಾಯಬೇಕಾಗುತ್ತದೆ.

ಈಗ ಹತ್ತನೆಯ ತರಗತಿಯ ಲೆಕ್ಕಕ್ಕೆ ಹಿಂದಿರುಗೋಣ. ತಿಥಿಯೆಂದರೆ ವ್ಯತ್ಯಾಸ, ಯೋಗವೆಂದರೆ ಮೊತ್ತ. ಇವೆರಡನ್ನೂ ನಿಖರವಾಗಿ, ಡಿಗ್ರಿಗಳಲ್ಲಿಯೇ ಹೇಳಿದರೆ ಸೂರ್ಯ ಚಂದ್ರರ ಸ್ಥಾನಗಳನ್ನು ಹೇಳಬಹುದೆ? 7 ಮತ್ತು 3 ಸಿಕ್ಕಿದಂತೆ ಇಲ್ಲಿಯೂ ಸಿಗಬೇಕು ಎನಿಸುತ್ತದೆ. ಅವಳೂ ಹಾಗೆಯೇ ಹೇಳಿದಳು. ಕಾಗದದ ಮೇಲೆ ಲೆಕ್ಕ ಹಾಕಿದೆವು. ಸೂರ್ಯ, ಚಂದ್ರ ಇಬ್ಬರೂ 215 ಡಿಗ್ರಿಯಲ್ಲಿರಲಿ. ವ್ಯತ್ಯಾಸ ಸೊನ್ನೆ, ಮೊತ್ತ 430, ಅಂದರೆ ಒಂದು ಸುತ್ತು ಕಳೆದು 70. ಇನ್ನು ಇಬ್ಬರೂ 35 ಡಿಗ್ರಿಯಲ್ಲಿರಲಿ. ವ್ಯತ್ಯಾಸ ಸೊನ್ನೆ, ಮೊತ್ತ 70. ಎರಡೂ ದಿನ ಅಮಾವಾಸ್ಯೆ, ಎರಡೂ ದಿನ ಅತಿಗಂಡ ಯೋಗ. ಆದರೆ ಒಂದು ಕಾರ್ತಿಕದ ಕೊನೆ, ಇನ್ನೊಂದು ವೈಶಾಖದ ಕೊನೆ. ಆರು ತಿಂಗಳ ಅಂತರವಿರುವ ಎರಡು ದಿನಗಳನ್ನು ತಿಥಿ, ಯೋಗ ಎರಡೂ ಸೇರಿ ಬೇರ್ಪಡಿಸಲಾರವು.

ಕಾರಣ ಸರಳ. ಸಮೀಕರಣದ ಕೊನೆಯ ಹೆಜ್ಜೆಯಲ್ಲಿ ಅರ್ಧ ಮಾಡುತ್ತೇವೆ. ಸಂಖ್ಯಾರೇಖೆಯ ಮೇಲೆ 14ರ ಅರ್ಧ 7 ಮಾತ್ರ. ವೃತ್ತದ ಮೇಲೆ 70ರ ಅರ್ಧ 35 ಆದೀತು, 215 ಕೂಡ ಆದೀತು. 215ನ್ನು ಎರಡು ಸಲ ಕೂಡಿದರೂ 70ಕ್ಕೇ ಬಂದು ನಿಲ್ಲುತ್ತೇವೆ. ಸಮತಲದಲ್ಲಿ ಮೂಲಬಿಂದುವಿನಲ್ಲಿ ಮಾತ್ರ ಸಂಧಿಸುತ್ತಿದ್ದ ಆ ಎರಡು ಕರ್ಣಗಳು, ಎರಡು ವೃತ್ತಗಳ ಗುಣಲಬ್ಧದಲ್ಲಿ ಸೊನ್ನೆಯಲ್ಲಿ ಒಮ್ಮೆ ಸಂಧಿಸಿ, ಸೂರ್ಯ ಚಂದ್ರರಿಬ್ಬರೂ 180ರಲ್ಲಿರುವ ಬಿಂದುವಿನಲ್ಲಿ ಮತ್ತೊಮ್ಮೆ ಸಂಧಿಸುತ್ತವೆ. ಎರಡೂ ಕೂಡಿ ಇಡೀ ಜಾಗವನ್ನು ತುಂಬುತ್ತವೆ, ನಿಜ. ಆದರೆ ಸಾಮಾನ್ಯವಾದದ್ದು ಸೊನ್ನೆಯೊಂದೇ ಅಲ್ಲ. ಆದ್ದರಿಂದ ಮೊತ್ತವಿದೆ, ನೇರ ಮೊತ್ತವಿಲ್ಲ. ಯೋಗವನ್ನು ಬಿಟ್ಟು ತಿಥಿ, ನಕ್ಷತ್ರಗಳನ್ನು ಹಿಡಿದರೆ ಈ ತೊಂದರೆಯಿಲ್ಲ. ನಕ್ಷತ್ರ ಚಂದ್ರನ ಸ್ಥಾನವನ್ನೇ ಹೇಳುತ್ತದೆ. ಅದರಿಂದ ವ್ಯತ್ಯಾಸವನ್ನು ಕಳೆದರೆ ಸೂರ್ಯ ಸಿಕ್ಕಿದ. ಅರ್ಧ ಮಾಡುವ ಪ್ರಸಂಗವೇ ಬರುವುದಿಲ್ಲ.

ಅವಳ ಮುಖದಲ್ಲಿ ನಗು ಕಂಡದ್ದು ಅಂದು. "ಇದು ಪಂಚಾಂಗದಲ್ಲಿ ಇತ್ತಾ ಸಾರ್!" ಎಂದಳು. ಪಂಚಾಂಗದವರು ಇದನ್ನು ಗ್ರೂಪುಗಳ ಭಾಷೆಯಲ್ಲಿ ಹೇಳಲಿಲ್ಲ. ಆದರೆ ಅವರು ಎಣಿಸುತ್ತಿದ್ದದ್ದು ಇದನ್ನೇ.

ಇನ್ನು ಅವಳ ಮೊದಲ ಪ್ರಶ್ನೆ. ಎರಡೇ ಅಂಕಣಗಳಿರುವಾಗ, ಅಥವಾ ಹತ್ತು, ನೂರು ಅಂಕಣಗಳಿರುವಾಗ, ಪಟ್ಟಿಯಾಗಿ ಇಡುವುದಕ್ಕೂ ಬಿಡಿಬಿಡಿಯಾಗಿ ಇಟ್ಟು ಕೂಡುವುದಕ್ಕೂ ಭೇದವಿಲ್ಲ. ಅಂಕಣಗಳು ಅನಂತವಾದಾಗ ದಾರಿ ಕವಲೊಡೆಯುತ್ತದೆ. ಇದಕ್ಕೂ ಶಾಲೆಯ ಉದಾಹರಣೆಯೇ ಸಾಕು. ಬಹುಪದೋಕ್ತಿಯಲ್ಲಿ ಎಕ್ಸ್, ಎಕ್ಸ್ ವರ್ಗ, ಎಕ್ಸ್ ಘನ ಹೀಗೆ ಎಷ್ಟು ಮೇಲಕ್ಕೆ ಬೇಕಾದರೂ ಹೋಗಬಹುದು. ಆದರೆ ಎಲ್ಲಿಯೋ ಒಂದು ಕಡೆ ನಿಲ್ಲಲೇಬೇಕು. ನಿಂತ ಮೇಲಿನ ಸಹಗುಣಕಗಳೆಲ್ಲ ಸೊನ್ನೆ. ಇದು ನೇರ ಮೊತ್ತ. ಏಕೆಂದರೆ ಕೂಡುವುದೆಂಬ ಕ್ರಿಯೆ ಮೂಲತಃ ಎರಡೆರಡನ್ನು ಕೂಡುವುದು. ಅದನ್ನು ಎಷ್ಟು ಸಲ ಮಾಡಿದರೂ ಮಿತವಾದಷ್ಟನ್ನೇ ಕೂಡಿರುತ್ತೇವೆ. ಎಲ್ಲಿಯೂ ನಿಲ್ಲಬೇಕಾಗಿಲ್ಲದ ಅನಂತ ಶ್ರೇಣಿ, ಒಂದು ಕೂಡಿಸು ಎಕ್ಸ್ ಕೂಡಿಸು ಎಕ್ಸ್ ವರ್ಗ ಎಂದು ಕೊನೆಯಿಲ್ಲದೆ ಸಾಗುವಂಥದ್ದು, ನೇರ ಗುಣಲಬ್ಧದ ಸದಸ್ಯ. ಅದು ಪಟ್ಟಿ, ಪಟ್ಟಿಯಲ್ಲಿ ಎಲ್ಲ ಅಂಕಣಗಳೂ ತುಂಬಿರಬಹುದು.

ಇವೆರಡರ ನಡುವೆ ಸೇತುವೆ ಕಟ್ಟುವುದು ಟೋಪಾಲಜಿ. ರಷ್ಯದ ಟಿಖೊನೋವ್ 1930ರಲ್ಲಿ ಅನಂತ ಗುಣಲಬ್ಧದಲ್ಲಿ 'ಹತ್ತಿರ' ಎಂದರೆ ಏನೆಂಬುದಕ್ಕೆ ಕೊಟ್ಟ ಅರ್ಥವನ್ನೇ ಇಂದು ಎಲ್ಲರೂ ಬಳಸುತ್ತಾರೆ: ಆಯ್ದುಕೊಂಡ ಮಿತ ಸಂಖ್ಯೆಯ ಅಂಕಣಗಳಲ್ಲಿ ಹತ್ತಿರವಿದ್ದರೆ ಸಾಕು, ಉಳಿದವು ಹೇಗಾದರೂ ಇರಲಿ. ಈ ಅರ್ಥದಲ್ಲಿ ಒಂದು, ಒಂದು ಕೂಡಿಸು ಎಕ್ಸ್, ಅದಕ್ಕೆ ಕೂಡಿಸು ಎಕ್ಸ್ ವರ್ಗ ಎಂಬ ಬಹುಪದೋಕ್ತಿಗಳು ಒಂದರ ನಂತರ ಒಂದರಂತೆ ಆ ಅನಂತ ಶ್ರೇಣಿಯನ್ನು ಸಮೀಪಿಸುತ್ತವೆ. ನೇರ ಮೊತ್ತವು ಗುಣಲಬ್ಧದ ಎಲ್ಲ ಮೂಲೆಗಳ ಹತ್ತಿರಕ್ಕೂ ಹೋಗಬಲ್ಲದು, ಆದರೆ ಅದನ್ನು ತುಂಬಲಾರದು.

ಕೊನೆಯದಾಗಿ ಓದಿದ್ದು ಪೊಂತ್ರ್ಯಾಗಿನ್ ಎಂಬ ರಷ್ಯನ್ ಗಣಿತಜ್ಞ 1934ರಲ್ಲಿ ಪ್ರಕಟಿಸಿದ ದ್ವೈತ ಸಿದ್ಧಾಂತ. ಪಂಚಾಂಗದ ಮಾತಿನಲ್ಲಿಯೇ ಅದರ ಒಂದು ತುಣುಕನ್ನು ಹೇಳುತ್ತೇನೆ. ಆಕಾಶದಲ್ಲಿ ಅನಂತ ಗ್ರಹಗಳಿದ್ದು, ಪ್ರತಿಯೊಂದಕ್ಕೂ ಒಂದು ವೃತ್ತವಿದೆಯೆಂದು ಭಾವಿಸಿ. ತಿಥಿ, ಯೋಗಗಳಂತೆ ಗ್ರಹಸ್ಥಾನಗಳನ್ನು ಕೂಡಿ ಕಳೆದು ಒಂದು ಕೋನವನ್ನು ಕೊಡುವ, ನೆಗೆತವಿಲ್ಲದೆ ಸಾಗುವ ಯಾವುದೇ 'ಅಂಗ'ವನ್ನು ನಾವು ರಚಿಸಿದರೂ ಅದು ಮಿತ ಸಂಖ್ಯೆಯ ಗ್ರಹಗಳನ್ನು ಮಾತ್ರ ನೋಡಬಲ್ಲದು! ಕಾರಣ ಇಷ್ಟು. ನೆಗೆತವಿಲ್ಲವೆಂದರೆ, ಆಯ್ದ ಮಿತ ಗ್ರಹಗಳು ಸೊನ್ನೆಯಲ್ಲಿರುವಾಗ ಉಳಿದವು ಹೇಗಿದ್ದರೂ ಅಂಗದ ಬೆಲೆ ಸೊನ್ನೆಯ ಹತ್ತಿರ, ಒಂದು ಸಣ್ಣ ಕಂಸದೊಳಗೇ ಉಳಿಯಬೇಕು. ಆ ಬೆಲೆ 5 ಡಿಗ್ರಿ ಎನ್ನೋಣ. ಉಳಿದ ಗ್ರಹಗಳ ಸ್ಥಾನಗಳನ್ನು ಎರಡು, ಮೂರು ಪಟ್ಟು ಮಾಡಿದರೆ ಬೆಲೆಯೂ 10, 15 ಎಂದು ಬೆಳೆಯುತ್ತಾ ಕಂಸವನ್ನು ದಾಟಿಬಿಡುತ್ತದೆ. ಹಾಗಾಗಕೂಡದು, ಆದ್ದರಿಂದ ಬೆಲೆ ಸೊನ್ನೆಯೇ ಆಗಿರಬೇಕು. ಅಂದರೆ ಉಳಿದ ಗ್ರಹಗಳಿಗೆ ಆ ಅಂಗದಲ್ಲಿ ಪಾತ್ರವೇ ಇಲ್ಲ. ವೃತ್ತಗಳ ಅನಂತ ಗುಣಲಬ್ಧವನ್ನು ನೋಡುವ ಅಂಗಗಳೆಲ್ಲ ಸೇರಿ ಪೂರ್ಣಾಂಕಗಳ ನೇರ ಮೊತ್ತವಾಗುತ್ತವೆ. ತಿರುಗಿಸಿ, ಪೂರ್ಣಾಂಕಗಳ ನೇರ ಮೊತ್ತವನ್ನು ನೋಡುವ ಅಂಗಗಳನ್ನು ಎಣಿಸಿದರೆ ವೃತ್ತಗಳ ಅನಂತ ಗುಣಲಬ್ಧವೇ ಸಿಗುತ್ತದೆ. ಒಂದು ಇನ್ನೊಂದರ ಪ್ರತಿಬಿಂಬ.

ಓದುವಾಗ ನಮಗೆ ಚಿಹ್ನೆಗಳೂ ತೊಡಕಾಗಿದ್ದವು. ನೇರ ಮೊತ್ತಕ್ಕೆ ವೃತ್ತದೊಳಗೆ ಕೂಡುವ ಗುರುತು. ಅದು ಗಾಡಿಯ ಚಕ್ರದಂತಿತ್ತು, 'ಚಕ್ರ' ಎಂದೆವು. ಗುಣಲಬ್ಧದ ಚಿಹ್ನೆ ಎರಡು ಕಂಬದ ಮೇಲೊಂದು ತೊಲೆಯಿಟ್ಟಂತಿತ್ತು, 'ಬಾಗಿಲುವಾಡ' ಎಂದೆವು. ಒಂಬತ್ತನೆಯ ಶತಮಾನದ ಮಹಾವೀರಾಚಾರ್ಯ 'ಗಣಿತಸಾರಸಂಗ್ರಹ'ವನ್ನು ಸಂಸ್ಕೃತದಲ್ಲಿ ಬರೆದ. ಹನ್ನೆರಡನೆಯ ಶತಮಾನದ ರಾಜಾದಿತ್ಯ 'ವ್ಯವಹಾರಗಣಿತ'ವನ್ನು ಕನ್ನಡದಲ್ಲಿಯೇ ಬರೆದ. ಆ ಕಾಲದ ಗಣಿತಕ್ಕೆ ಸಾಲದೆನಿಸದ ಭಾಷೆ ಈ ಕಾಲದ ಗಣಿತಕ್ಕೂ ಸಾಲದೆನಿಸಬೇಕಾಗಿಲ್ಲ. ಆಡಿ ಬಳಸುವವರು ಬೇಕು, ಅಷ್ಟೆ.

ಅವಳು ಆ ಪೇಪರಿನಲ್ಲಿ ಪಾಸಾದಳು. ಅಂಕಗಳು ಹೇಳಿಕೊಳ್ಳುವಂಥವಲ್ಲ, ಆದರೆ ಓದು ನಿಲ್ಲಲಿಲ್ಲ, ಜಾತಕ ಕೇಳಿದವರು ಎರಡು ವರ್ಷ ಕಾಯಬೇಕಾಯಿತು. ಫಲಿತಾಂಶ ಬಂದ ವಾರವೇ ಇರಬೇಕು, ರಾತ್ರಿ ಫೋನು ಮಾಡಿದಳು. ಪೊಂತ್ರ್ಯಾಗಿನ್ ಜೀವನವನ್ನು ಓದಿದ್ದಳಂತೆ. ಹದಿನಾಲ್ಕನೆಯ ವಯಸ್ಸಿನಲ್ಲಿ ಸ್ಟೌ ಸಿಡಿದು ಅವನ ಎರಡೂ ಕಣ್ಣು ಹೋದವು. ಗಣಿತ ತಿಳಿಯದ ತಾಯಿ ತತ್ಯಾನಾ ಆಂದ್ರೆಯೇವ್ನಾ ಅವನಿಗೆ ಗಣಿತದ ಪುಸ್ತಕಗಳನ್ನು ಗಟ್ಟಿಯಾಗಿ ಓದಿ ಹೇಳುತ್ತಿದ್ದರು. ಚಿಹ್ನೆಗಳ ಹೆಸರು ಗೊತ್ತಿರಲಿಲ್ಲವಾದ್ದರಿಂದ ಗಣಗಳ ಸಂಯೋಗಕ್ಕೆ 'ಬಾಲ ಮೇಲೆ' ಎಂದೂ ಛೇದನಕ್ಕೆ 'ಬಾಲ ಕೆಳಗೆ' ಎಂದೂ ಹೇಳುತ್ತಿದ್ದರು. ಮಗ ಅದನ್ನು ಕೇಳಿಯೇ ಕಲಿತ.

"ಅವರೂ ನಮ್ಮ ಥರಾನೇ ಓದ್ತಿದ್ರಂತೆ ಸಾರ್" ಎಂದಳು.

ಈಗ ಅವಳು ಒಂದು ಪದವಿಪೂರ್ವ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದಾಳೆ. ನೇರ ಮೊತ್ತ, ನೇರ ಗುಣಲಬ್ಧ ಎಂಬ ಪದಗಳಿಗಿಂತ ಹೊಂದುವ, ಬಾಯಿಗೆ ಸಲೀಸಾಗಿ ಬರುವ ಕನ್ನಡ ಪದಗಳು ಓದುಗರಿಗೆ ಹೊಳೆದರೆ ದಯವಿಟ್ಟು ತಿಳಿಸಬೇಕು. ಅವಳಿಗೆ ತಲುಪಿಸುತ್ತೇನೆ.